ಓ ಪೇರ್ ಆಗಿ ವಿದೇಶಕ್ಕೆ: ಮನೆ ಹುಡುಕುವುದರಿಂದ ಮನೆ ಬಿಡುವವರೆಗೆ

ಭಾನುವಾರ ಬೆಳಿಗ್ಗೆ ಆರೂವರೆ. ಕರಾರಿನ ಪ್ರಕಾರ ಅಂದು ನನಗೆ ರಜೆ. ಆ ಮನೆಯ ನಾಲ್ಕು ವರ್ಷದ ಹುಡುಗಿ ಚಿತ್ರಪುಸ್ತಕವೊಂದನ್ನು ಎದೆಗೆ ಅವಚಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಅಪ್ಪ ಅಮ್ಮ ಇನ್ನೂ ಎದ್ದಿರಲಿಲ್ಲ. ಆ ಕಥೆಯನ್ನು ಓದಿ ಹೇಳಿದರೆ ಅದು ಕೆಲಸವೋ, ಅಕ್ಕರೆಯೋ? ಒಂದು ದಿನದ ಮಟ್ಟಿಗೆ ಇದು ತಮಾಷೆಯ ಪ್ರಶ್ನೆ. ಪ್ರತಿ ಭಾನುವಾರವೂ ಹೀಗೇ ಆದರೆ ಮೂರನೆಯ ತಿಂಗಳ ಹೊತ್ತಿಗೆ ಮನಸ್ಸು ಕಹಿಯಾಗುತ್ತದೆ. ಜರ್ಮನಿಯಲ್ಲಿ ಒಂದು ವರ್ಷ ಓ ಪೇರ್ ಆಗಿ ಇದ್ದ ನನಗೆ ಅರ್ಥವಾದದ್ದಿಷ್ಟು: ಈ ಬದುಕಿನ ಸುಖ ದುಃಖಗಳೆಲ್ಲ ಕೆಲಸಕ್ಕೂ ಮನೆಯ ನಂಟಿಗೂ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ನಿಂತಿವೆ. ಆ ಗೆರೆಯನ್ನು ವಿಮಾನ ಹತ್ತುವ ಮೊದಲೇ ಎಳೆದುಕೊಳ್ಳಬೇಕು. "ಹೋದ ಮೇಲೆ ನೋಡೋಣ" ಎಂದವರಿಗೆ ಅಲ್ಲಿ ನೋಡಲು ಸಿಗುವುದು ಇಸ್ತ್ರಿ ಬಟ್ಟೆಯ ರಾಶಿ.

ಫ್ರೆಂಚ್ ಭಾಷೆಯಲ್ಲಿ ಓ ಪೇರ್ ಎಂದರೆ 'ಸರಿಸಮವಾಗಿ' ಎಂದರ್ಥ. ಯುವಕರೋ ಯುವತಿಯರೋ ಬೇರೊಂದು ದೇಶದ ಕುಟುಂಬದೊಡನೆ ಅವರ ಸರಿಸಮಾನರಾಗಿ ವಾಸಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು, ಪ್ರತಿಯಾಗಿ ಊಟ, ಕೋಣೆ, ಒಂದಿಷ್ಟು ಕೈಖರ್ಚಿನ ಹಣ ಪಡೆದು ಆ ಭಾಷೆಯನ್ನೂ ಬದುಕನ್ನೂ ಕಲಿಯುವುದು: ವ್ಯವಸ್ಥೆ ಇಷ್ಟೇ. 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪ್ ಮಂಡಳಿಯ ದೇಶಗಳು ಇದಕ್ಕೆಂದೇ ಒಂದು ಒಪ್ಪಂದ ರೂಪಿಸಿದವು. ಓ ಪೇರ್‌ಗಳು ವಿದ್ಯಾರ್ಥಿಗಳ ವರ್ಗಕ್ಕೂ ಸೇರಿದವರಲ್ಲ, ಕೆಲಸಗಾರರ ವರ್ಗಕ್ಕೂ ಸೇರಿದವರಲ್ಲ, ಎರಡರ ಲಕ್ಷಣವೂ ಇರುವ ವಿಶೇಷ ವರ್ಗ ಎಂದು ಅದರ ಪೀಠಿಕೆಯೇ ಹೇಳುತ್ತದೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು, ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವು ಬೇಕು, ತಿಂಗಳಲ್ಲಿ ಒಂದು ಬಿಡುವಿನ ದಿನವಾದರೂ ಭಾನುವಾರವೇ ಆಗಿರಬೇಕು ಎಂದು ಆಗಲೇ ಬರೆದಿಟ್ಟರು. ಒಪ್ಪಂದವನ್ನು ಅಧಿಕೃತವಾಗಿ ಅಂಗೀಕರಿಸಿದ ದೇಶಗಳು ಕೆಲವೇ. ಆದರೂ ಇಂದಿನ ಯುರೋಪಿನ ಬಹುತೇಕ ನಿಯಮಗಳಲ್ಲಿ ಅದರ ಅಚ್ಚು ಕಾಣುತ್ತದೆ.

ಮೊದಲ ಹೆಜ್ಜೆ: ನಿಮಗೆ ಬೇಕಿರುವುದು ಇದೇ ಹೌದೇ?

ದುಡಿದು ಹಣ ಕೂಡಿಡುವ ಉದ್ದೇಶವಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ಬೇರೆ ದಾರಿ ಹುಡುಕಿ. ಜರ್ಮನಿಯಲ್ಲಿ ತಿಂಗಳಿಗೆ ಸಿಗುವುದು 280 ಯೂರೊ. ವಾರಕ್ಕೆ 30 ಗಂಟೆಯಂತೆ ಲೆಕ್ಕ ಹಾಕಿದರೆ ಗಂಟೆಗೆ ಎರಡು ಯೂರೊ ಚಿಲ್ಲರೆ. ಊಟ, ವಸತಿ, ವಿಮೆ ಬೇರೆ ಸಿಗುತ್ತವೆ ನಿಜ. ಆದರೆ ಅದನ್ನು ಸಂಬಳ ಎಂದುಕೊಂಡು ಹೋದವರು ಮೊದಲ ತಿಂಗಳೇ ಮೋಸ ಹೋದಂತೆ ಕೊರಗುತ್ತಾರೆ. ಅದೇ ದೇಶದಲ್ಲಿ ನೆಲೆಸುವ ಅಡ್ಡದಾರಿಯೂ ಇದಲ್ಲ. ಓ ಪೇರ್ ವೀಸಾಕ್ಕೆ ಅವಧಿ ಇದೆ, ಮುಗಿದ ಮೇಲೆ ಬೇರೆ ವೀಸಾ ಬೇಕಾದರೆ ಆ ಹೊಸ ವೀಸಾದ ಅರ್ಹತೆಗಳನ್ನೇ ತೋರಿಸಬೇಕು.

ಇನ್ನೊಂದು ಪ್ರಶ್ನೆಯನ್ನು ಕನ್ನಡಿಯ ಮುಂದೆ ನಿಂತು ಕೇಳಿಕೊಳ್ಳಿ: ಮಕ್ಕಳು ನಿಮಗೆ ಇಷ್ಟವೇ? ವಾರಕ್ಕೊಮ್ಮೆ ಅಕ್ಕನ ಮಗುವನ್ನು ಎತ್ತಿ ಆಡಿಸುವ ಇಷ್ಟದ ಮಾತಲ್ಲ. ಜ್ವರ ಬಂದು ರಚ್ಚೆ ಹಿಡಿದ, ಬೂಟು ಹಾಕಿಕೊಳ್ಳಲು ನಲವತ್ತು ನಿಮಿಷ ತೆಗೆದುಕೊಳ್ಳುವ, "ನೀನು ನನ್ನ ಅಮ್ಮ ಅಲ್ಲ" ಎಂದು ಮುಖಕ್ಕೇ ಹೇಳುವ ಮಗುವಿನೊಡನೆ ದಿನಕ್ಕೆ ಐದಾರು ಗಂಟೆ ಕಳೆಯುವ ತಾಳ್ಮೆಯ ಮಾತು. ಅದಿಲ್ಲದಿದ್ದರೆ ಪ್ಯಾರಿಸ್ಸೂ ಬೇಡ, ಬರ್ಲಿನ್ನೂ ಬೇಡ. ದೂರದ ಬೆಟ್ಟ ನುಣ್ಣಗೆ ಕಾಣುವುದು ಇಂತಹ ಕಡೆಯೇ.

ಎರಡನೆಯ ಹೆಜ್ಜೆ: ದೇಶ

ಬಹಳ ಮಂದಿ ಮೊದಲು ಕುಟುಂಬವನ್ನು ಹುಡುಕಿ ಆಮೇಲೆ ಆ ದೇಶದ ನಿಯಮ ಓದುತ್ತಾರೆ. ಇದು ತಲೆಕೆಳಗಾದ ಕ್ರಮ. ನಿಮ್ಮ ವಯಸ್ಸು, ಭಾಷೆ, ಪಾಸ್‌ಪೋರ್ಟ್ ಯಾವ ದೇಶದ ಬಾಗಿಲು ತೆರೆಯುತ್ತವೆ ಎಂಬುದೇ ಮೊದಲ ಜರಡಿ.

ಜರ್ಮನಿಗೆ ವಯಸ್ಸು 18 ತುಂಬಿರಬೇಕು, ವೀಸಾ ಅರ್ಜಿ ಹಾಕುವಾಗ 27 ತುಂಬಿರಬಾರದು. ಜರ್ಮನ್ ಭಾಷೆಯ ಎ1 ಮಟ್ಟ, ಅಂದರೆ ಆರಂಭದ ಹಂತದ ತಿಳಿವಳಿಕೆ ಬೇಕು. ಕೆಲಸ ದಿನಕ್ಕೆ ಹೆಚ್ಚೆಂದರೆ 6 ಗಂಟೆ, ವಾರಕ್ಕೆ 30 ಗಂಟೆ. ವಾರಕ್ಕೆ ಒಂದೂವರೆ ದಿನ ಬಿಡುವು, ನಾಲ್ಕು ಸಂಜೆ ಬಿಡುವು, ವರ್ಷಕ್ಕೆ ನಾಲ್ಕು ವಾರ ರಜೆ. ಭಾಷಾ ತರಗತಿಗೆಂದು ಕುಟುಂಬವೇ ತಿಂಗಳಿಗೆ 70 ಯೂರೊ ಕೊಡಬೇಕು, ಆರೋಗ್ಯ ಮತ್ತು ಅಪಘಾತ ವಿಮೆಯನ್ನೂ ಮಾಡಿಸಬೇಕು. ಕಿಟಕಿ ಇರುವ, ಕನಿಷ್ಠ 8 ಚದರ ಮೀಟರಿನ ಪ್ರತ್ಯೇಕ ಕೋಣೆ ನಿಮ್ಮದಾಗಬೇಕು. ಅವಧಿ ಆರು ತಿಂಗಳಿಂದ ಒಂದು ವರ್ಷ. ಒಂದು ವರ್ಷ ಎಂದರೆ ಒಂದೇ ವರ್ಷ, ವಿಸ್ತರಣೆ ಇಲ್ಲ. ನಿಮ್ಮ ದೇಶದಿಂದಲೇ ಅಲ್ಲಿಗೆ ಹೋಗಿ ನೆಲೆಸಿದ ಕುಟುಂಬಕ್ಕೆ ಓ ಪೇರ್ ಆಗುವ ಯೋಚನೆ ಇದ್ದರೆ ಬಿಡಿ. ಭಾಷೆ ಕಲಿಯಲು ಬಂದವರು ಸ್ವಂತ ಭಾಷೆಯಲ್ಲೇ ವರ್ಷ ಕಳೆದರೆ ಏನು ಬಂತು ಎಂಬುದು ಅಲ್ಲಿನ ಅಧಿಕಾರಿಗಳ ತರ್ಕ, ಅದು ಸರಿಯೂ ಹೌದು.

ಫ್ರಾನ್ಸ್ 2018ರ ಸೆಪ್ಟೆಂಬರ್ 10ರ ಕಾನೂನಿನಲ್ಲಿ ಓ ಪೇರ್‌ಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. ವಯಸ್ಸು 18ರಿಂದ 30, ಕೆಲಸ ವಾರಕ್ಕೆ 25 ಗಂಟೆಗೆ ಮಿತಿ, ಕೈಖರ್ಚು ತಿಂಗಳಿಗೆ ಕನಿಷ್ಠ 320 ಯೂರೊ. ಒಂದು ವರ್ಷದ ಅನುಮತಿಯನ್ನು ಇನ್ನೊಂದು ವರ್ಷಕ್ಕೆ ನವೀಕರಿಸಬಹುದು. ನೆದರ್ಲೆಂಡ್ಸ್‌ನಲ್ಲಿ ದಿನಕ್ಕೆ 8, ವಾರಕ್ಕೆ 30 ಗಂಟೆ ಮೀರುವಂತಿಲ್ಲ, ವಾರಕ್ಕೆ ಎರಡು ದಿನ ಬಿಡುವು. ಅಲ್ಲಿ ಸರ್ಕಾರದ ಮಾನ್ಯತೆ ಪಡೆದ ಏಜೆನ್ಸಿಯ ಮೂಲಕವಲ್ಲದೆ ಹೋಗಲು ದಾರಿಯೇ ಇಲ್ಲ. ಆ ದೇಶದ ಒಂದು ನಿಯಮ ನನಗೆ ಬಹಳ ಇಷ್ಟ: ಓ ಪೇರ್ ಮಾಡುವ ಕೆಲಸವನ್ನು ಅಗತ್ಯ ಬಿದ್ದಾಗ ಮಾಡಲು ಮನೆಯಲ್ಲಿ ಮತ್ತೊಬ್ಬರು ಇರಲೇಬೇಕು. ಅಂದರೆ ನೀವು ಕೈ ಜೋಡಿಸುವವರು, ಇಡೀ ಭಾರ ಹೊರುವವರಲ್ಲ.

ಅಮೆರಿಕದ ಲೆಕ್ಕವೇ ಬೇರೆ. 1986ರಲ್ಲಿ ಶುರುವಾದ ಕಾರ್ಯಕ್ರಮ ಸಾಂಸ್ಕೃತಿಕ ವಿನಿಮಯಕ್ಕೆಂದಿರುವ ಜೆ-1 ವೀಸಾದಡಿ ನಡೆಯುತ್ತದೆ. ವಯಸ್ಸು 18ರಿಂದ 26. ದಿನಕ್ಕೆ 10 ಗಂಟೆ, ವಾರಕ್ಕೆ 45 ಗಂಟೆಯವರೆಗೆ ಕೆಲಸ ಇರಬಹುದು. ಯುರೋಪಿಗೆ ಹೋಲಿಸಿದರೆ ಇದು ಪೂರ್ಣಾವಧಿ ದುಡಿಮೆಯೇ. ವಾರದ ಕನಿಷ್ಠ ಹಣ 195.75 ಡಾಲರ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನನಗೂ ಕುತೂಹಲವಿತ್ತು. ಒಕ್ಕೂಟದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 45 ಗಂಟೆಗೆ 326.25. ಊಟ ವಸತಿಯ ಲೆಕ್ಕದಲ್ಲಿ ಶೇಕಡಾ 40 ಕಳೆದರೆ ಉಳಿಯುವುದು ಅಷ್ಟೇ. ಮ್ಯಾಸಚೂಸೆಟ್ಸ್‌ನಲ್ಲಿ ಮಾತ್ರ ರಾಜ್ಯದ ಕನಿಷ್ಠ ವೇತನವೇ ಓ ಪೇರ್‌ಗಳಿಗೂ ಸಲ್ಲುತ್ತದೆ ಎಂದು 2019ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದೇ ವರ್ಷದ ಆರಂಭದಲ್ಲಿ, ಹಣ ಕಡಿಮೆ ಕೊಟ್ಟರೆಂದು ಓ ಪೇರ್‌ಗಳು ತಮ್ಮನ್ನು ಕರೆಸಿಕೊಂಡ ಪ್ರಾಯೋಜಕ ಸಂಸ್ಥೆಗಳ (ಏಜೆನ್ಸಿಗಳ) ಮೇಲೆ ಹೂಡಿದ್ದ ಸಾಮೂಹಿಕ ದಾವೆ 6 ಕೋಟಿ 55 ಲಕ್ಷ ಡಾಲರ್‌ಗೆ ಇತ್ಯರ್ಥವಾಗಿತ್ತು. ಈ ಕಾರ್ಯಕ್ರಮದಲ್ಲಿ ಕಾಲೇಜಿನ ಆರು ಕ್ರೆಡಿಟ್‌ಗಳಷ್ಟು ಓದುವುದು ಕಡ್ಡಾಯ, ಅದಕ್ಕೆ ಕುಟುಂಬ 500 ಡಾಲರ್‌ವರೆಗೆ ಕೊಡುತ್ತದೆ. ಎರಡು ವರ್ಷದೊಳಗಿನ ಮಗುವಿನ ಹೊಣೆ ಹೊರಬೇಕಾದರೆ ಶಿಶುಪಾಲನೆಯಲ್ಲಿ 200 ಗಂಟೆಗಳ ಅನುಭವಕ್ಕೆ ದಾಖಲೆ ತೋರಿಸಬೇಕು.

ಮುಚ್ಚಿದ ಬಾಗಿಲುಗಳನ್ನೂ ತಿಳಿದಿರಿ. ಬ್ರಿಟನ್ ಓ ಪೇರ್ ವೀಸಾವನ್ನು 2008ರಲ್ಲೇ ಕೈಬಿಟ್ಟಿತು. ನಾರ್ವೆ 2024ರ ಮಾರ್ಚ್ 15ರಿಂದ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ ಓ ಪೇರ್ ಎಂಬ ಹೆಸರಿನ ವೀಸಾವೇ ಇಲ್ಲ. ಅಲ್ಲಿಗೆ ಹೋಗುವವರು ಸುತ್ತಾಡುತ್ತಲೇ ಕೆಲಸವನ್ನೂ ಮಾಡಬಹುದಾದ ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಹೋಗುತ್ತಾರೆ. ಇದನ್ನು ನೆನಪಿಡಲು ಕಾರಣವಿದೆ, ಮೋಸಗಾರರ ಮಾತು ಬಂದಾಗ ಹೇಳುತ್ತೇನೆ. ಮೊತ್ತಗಳೂ ವಯೋಮಿತಿಗಳೂ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವಾರ ಆ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನೇ ತೆರೆದು ಓದಿ, ಮೂರು ವರ್ಷ ಹಿಂದೆ ಹೋಗಿ ಬಂದ ಗೆಳತಿಯ ಮಾತನ್ನು ನಂಬಿ ಕೂರಬೇಡಿ.

ಮೂರನೆಯ ಹೆಜ್ಜೆ: ಸಿದ್ಧತೆ

ಭಾಷೆಯ ಪ್ರಮಾಣಪತ್ರಕ್ಕಾಗಿ ಓದುವುದು ಬೇರೆ, ಮಗುವಿನೊಡನೆ ಮಾತನಾಡಲು ಓದುವುದು ಬೇರೆ. ಎ1 ಪರೀಕ್ಷೆಯಲ್ಲಿ ನಿಮ್ಮನ್ನು ಕೇಳುವುದು ಹೆಸರು, ಊರು, ಹವ್ಯಾಸ. ಮನೆಯಲ್ಲಿ ಬೇಕಾಗುವುದು "ಕೈ ತೊಳೆ", "ರಸ್ತೆ ದಾಟುವಾಗ ನಿಲ್ಲು", "ಎಲ್ಲಿ ನೋಯುತ್ತಿದೆ?", "ತಮ್ಮನಿಗೆ ಹೊಡೆಯಬಾರದು". ಇಂತಹ ಐವತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಮೊದಲ ವಾರ ಅವೇ ಕಾಯುತ್ತವೆ. ವೀಸಾ ಸಂದರ್ಶನದಲ್ಲೂ ಪ್ರಮಾಣಪತ್ರವನ್ನು ಬದಿಗಿಟ್ಟು ಆ ಭಾಷೆಯಲ್ಲೇ ನಾಲ್ಕು ಪ್ರಶ್ನೆ ಕೇಳಬಹುದು. ಆಗ ತಡವರಿಸಿದರೂ ಪರವಾಗಿಲ್ಲ, ಬಾಯಿಯೇ ಬಿಡದಿದ್ದರೆ ಕಷ್ಟ.

ಮಕ್ಕಳೊಡನೆ ಕೆಲಸ ಮಾಡಿದ ಅನುಭವವನ್ನು ಕಾಗದಕ್ಕೆ ಇಳಿಸಿ. ಶಿಶುವಿಹಾರದಲ್ಲಿ ಸಹಾಯ ಮಾಡಿದ್ದರೆ, ನೆರೆಮನೆಯ ಮಗುವನ್ನು ನೋಡಿಕೊಂಡಿದ್ದರೆ, ಪಾಠ ಹೇಳಿದ್ದರೆ ಸಂಬಂಧಪಟ್ಟವರಿಂದ ಪತ್ರ ಪಡೆಯಿರಿ. ಪತ್ರದಲ್ಲಿ ಮಗುವಿನ ವಯಸ್ಸು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ಗಂಟೆ ಎಂಬುದು ಸ್ಪಷ್ಟವಾಗಿರಲಿ. "ಒಳ್ಳೆಯ ಹುಡುಗಿ, ಶ್ರಮಜೀವಿ" ಎಂಬ ಪತ್ರಕ್ಕೆ ಬೆಲೆ ಇಲ್ಲ. ಶಿಶುಗಳ ಪ್ರಥಮ ಚಿಕಿತ್ಸೆಯ ತರಗತಿಗೆ ಹೋಗಿ ಬನ್ನಿ. ಕಾರು ಓಡಿಸಲು ಬರುವುದಾದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಆದರೆ ಬಾರದಿದ್ದರೆ ಬರುತ್ತದೆ ಎನ್ನಬೇಡಿ, ಹಿಂದಿನ ಸೀಟಿನಲ್ಲಿ ಕೂರುವುದು ಬೇರೆಯವರ ಮಕ್ಕಳು.

ನಾಲ್ಕನೆಯ ಹೆಜ್ಜೆ: ಕುಟುಂಬದ ಹುಡುಕಾಟ

ಎರಡು ದಾರಿಗಳಿವೆ. ಏಜೆನ್ಸಿಯಾದರೆ ಅದು ಕುಟುಂಬವನ್ನು ಪರಿಶೀಲಿಸುತ್ತದೆ, ಜಗಳವಾದರೆ ನಡುವೆ ನಿಲ್ಲುತ್ತದೆ, ಶುಲ್ಕವನ್ನೂ ಕೇಳಬಹುದು. ಜಾಲತಾಣಗಳಲ್ಲಿ ನೀವೇ ಹುಡುಕಿದರೆ ಆಯ್ಕೆ ಹೆಚ್ಚು, ಆಸರೆ ಕಡಿಮೆ. ಅಮೆರಿಕ, ನೆದರ್ಲೆಂಡ್ಸ್‌ಗಳಲ್ಲಿ ಮೊದಲ ದಾರಿ ಕಡ್ಡಾಯ. ಬೇರೆಡೆಯೂ ಇದು ಮೊದಲ ವಿದೇಶ ಪ್ರಯಾಣವಾಗಿದ್ದರೆ ನಾನು ಏಜೆನ್ಸಿಯನ್ನೇ ಆರಿಸುತ್ತೇನೆ. 1994ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಓ ಪೇರ್ ಸಂಘದಂತಹ ಒಕ್ಕೂಟದ ಸದಸ್ಯತ್ವ ಇದೆಯೇ ಎಂದು ನೋಡಿ. ಶುಲ್ಕ ಯಾವುದಕ್ಕೆ, ಕುಟುಂಬ ಸಿಗದಿದ್ದರೆ ವಾಪಸು ಎಷ್ಟು ಎಂಬುದನ್ನು ಬರಹದಲ್ಲಿ ಕೇಳಿ.

ನಿಮ್ಮ ಪರಿಚಯ ಪತ್ರದಲ್ಲಿ "ನನಗೆ ಮಕ್ಕಳೆಂದರೆ ಪ್ರಾಣ" ಎಂದು ಬರೆಯದವರೇ ಇಲ್ಲ. ಅದರ ಬದಲು ಮಳೆ ಸುರಿಯುವ ಮಧ್ಯಾಹ್ನ ಐದು ವರ್ಷದ ಮಗುವನ್ನು ಮೂರು ಗಂಟೆ ಹೇಗೆ ಆಡಿಸಿದಿರಿ ಎಂದು ಬರೆಯಿರಿ. ನಿಮ್ಮ ಮಿತಿಗಳನ್ನೂ ಬರೆಯಿರಿ. ನಾಯಿಯ ಭಯ, ಆಹಾರದ ಕಟ್ಟುಪಾಡು, ಧೂಮಪಾನ, ಈಜು ಬಾರದಿರುವುದು ಯಾವುದನ್ನೂ ಮುಚ್ಚಿಡಬೇಡಿ. ಅದರಿಂದ ಹತ್ತು ಕುಟುಂಬಗಳು ದೂರ ಸರಿಯಬಹುದು. ಸರಿಯಲಿ, ಅವು ನಿಮಗೆ ಹೊಂದುವ ಕುಟುಂಬಗಳಾಗಿರಲಿಲ್ಲ.

ವೀಡಿಯೊ ಕರೆ ಕನಿಷ್ಠ ಮೂರು ಬಾರಿ ಆಗಬೇಕು. ಒಮ್ಮೆ ತಂದೆ ತಾಯಿ ಇಬ್ಬರೊಡನೆ, ಒಮ್ಮೆ ಮಕ್ಕಳೊಡನೆ, ಒಮ್ಮೆ ಮನೆಯನ್ನೂ ನಿಮ್ಮ ಕೋಣೆಯನ್ನೂ ನೋಡಲು. ಕೇಳಬೇಕಾದ ಪ್ರಶ್ನೆಗಳಲ್ಲಿ ನನ್ನ ಅನುಭವದಲ್ಲಿ ಕೆಲಸಕ್ಕೆ ಬಂದವು ಇವು:

– ಒಂದು ಸಾಧಾರಣ ಮಂಗಳವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೇಗಿರುತ್ತದೆ? ಗಂಟೆ ಗಂಟೆಯಾಗಿ ಹೇಳುತ್ತೀರಾ?
– ಮಗು ಹಟ ಹಿಡಿದರೆ ನೀವು ಏನು ಮಾಡುತ್ತೀರಿ? ನಾನು ಏನು ಮಾಡಬೇಕು?
– ಮನೆಗೆಲಸದಲ್ಲಿ ನನ್ನ ಪಾಲು ಯಾವುದು, ಯಾವುದಲ್ಲ?
– ಶಾಲೆಗೆ ರಜೆ ಬಂದಾಗ, ಮಗುವಿಗೆ ಹುಷಾರಿಲ್ಲದಾಗ ಗಂಟೆಗಳ ಲೆಕ್ಕ ಏನಾಗುತ್ತದೆ?
– ಹಿಂದೆ ಓ ಪೇರ್ ಇದ್ದರೇ? ಅವರೊಡನೆ ನಾನು ಮಾತನಾಡಬಹುದೇ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಹಿಂದಿನ ಓ ಪೇರ್‌ನ ಸಂಪರ್ಕ ಕೊಡಲು ಹಿಂಜರಿಯುವ ಕುಟುಂಬಕ್ಕೆ ಕಾರಣ ಇದ್ದೇ ಇರುತ್ತದೆ. ಅವರು ಸಿಕ್ಕಾಗ "ಕುಟುಂಬ ಒಳ್ಳೆಯದೇ?" ಎಂದು ಕೇಳಬೇಡಿ, ಯಾರೂ ಕೆಟ್ಟದ್ದು ಎನ್ನುವುದಿಲ್ಲ. "ಒಂದು ವಾರದಲ್ಲಿ ಎಷ್ಟು ಸಂಜೆ ನಿಮ್ಮದಾಗಿತ್ತು?" ಎಂದು ಕೇಳಿ. ಉತ್ತರ ಬರುವ ಮುಂಚಿನ ಮೌನವನ್ನೂ ಕೇಳಿಸಿಕೊಳ್ಳಿ.

ಈಗ ಮೋಸದ ಮಾತು. ಅದರ ಕಥಾಹಂದರ ಬಹುತೇಕ ಒಂದೇ. ನೀವು ಬರೆಯುವ ಮುಂಚೆಯೇ ಒಂದು ಕುಟುಂಬ ನಿಮಗೆ ಪತ್ರ ಬರೆಯುತ್ತದೆ. ಲಂಡನ್ನಿನಲ್ಲಿ ದೊಡ್ಡ ಮನೆ, ಸಂಕೋಚ ಸ್ವಭಾವದ ಇಬ್ಬರು ಮಕ್ಕಳು, ವಾರಕ್ಕೆ ನೂರಾರು ಪೌಂಡ್ ಸಂಬಳ, ಪ್ರತ್ಯೇಕ ಕಾರು. ಓ ಪೇರ್ ವೀಸಾವೇ ಇಲ್ಲದ ದೇಶಕ್ಕೆ ಅವರು ನಿಮ್ಮನ್ನು ಹೇಗೆ ಕರೆಸುತ್ತಾರೆ ಎಂದು ಒಂದು ಕ್ಷಣ ಯೋಚಿಸಿ. ವೀಡಿಯೊ ಕರೆಗೆ ಕ್ಯಾಮೆರಾ ಯಾವಾಗಲೂ ಕೆಟ್ಟಿರುತ್ತದೆ. ಎರಡನೆಯ ವಾರ "ನಮ್ಮ ವಕೀಲರು" ಅಥವಾ "ಪ್ರಯಾಣದ ಏಜೆಂಟ್" ಪ್ರವೇಶಿಸಿ ವೀಸಾ ಶುಲ್ಕದ ಅರ್ಧವನ್ನು ತುರ್ತಾಗಿ ಕಳುಹಿಸಿ, ಬಂದ ಮೇಲೆ ಹಿಂತಿರುಗಿಸುತ್ತೇವೆ ಎನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಸಿ. ಶುಲ್ಕವನ್ನು ರಾಯಭಾರ ಕಚೇರಿ ತಿಳಿಸಿದ ರೀತಿಯಲ್ಲಿ ನೀವೇ ನೇರವಾಗಿ ಕಟ್ಟುತ್ತೀರಿ. ಯಾವ ಕುಟುಂಬಕ್ಕೂ, ಯಾವ ವಕೀಲರಿಗೂ ಅದನ್ನು ಕಳುಹಿಸುವ ಪ್ರಮೇಯವೇ ಬರುವುದಿಲ್ಲ. ಅವರ ಫೋಟೊಗಳನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಹಾಕಿ ನೋಡಿ, ಆ ನಗುವ ಕುಟುಂಬ ಯಾವುದೋ ಜಾಹೀರಾತಿನದ್ದಾಗಿರಬಹುದು.

ಐದನೆಯ ಹೆಜ್ಜೆ: ಕರಾರು

ನಾನು ಎಡವಿದ್ದು ಇಲ್ಲೇ. ಕರಾರಿನಲ್ಲಿ "ಲಘು ಮನೆಗೆಲಸ" ಎಂದಿತ್ತು, ಓದಿ ತಲೆಯಾಡಿಸಿದೆ. ನನ್ನ ಲೆಕ್ಕದಲ್ಲಿ ಅದು ಮಕ್ಕಳ ತಟ್ಟೆ ತೊಳೆಯುವುದು, ಆಟಿಕೆ ಎತ್ತಿಡುವುದು. ಮನೆಯವರ ಲೆಕ್ಕದಲ್ಲಿ ಐವರ ಬಟ್ಟೆಗೆ ಇಸ್ತ್ರಿ ಮಾಡುವುದೂ ಲಘುವೇ. ಇಬ್ಬರದೂ ತಪ್ಪಲ್ಲ, ತಪ್ಪು ಆ ಎರಡು ಪದಗಳದು. ಎರಡು ತಿಂಗಳು ಒಳಗೊಳಗೇ ಕುದಿದು ಕೊನೆಗೆ ಒಂದು ಸಂಜೆ ಕುಳಿತು ಪಟ್ಟಿ ಮಾಡಿದೆವು. ಇಪ್ಪತ್ತು ನಿಮಿಷ ಸಾಕಾಯಿತು. ಆ ಇಪ್ಪತ್ತು ನಿಮಿಷವನ್ನು ಮೊದಲೇ ಖರ್ಚು ಮಾಡಿದ್ದರೆ ಎಷ್ಟೋ ರಾತ್ರಿಯ ನಿದ್ರೆ ಉಳಿಯುತ್ತಿತ್ತು.

ಆದ್ದರಿಂದ ಕರಾರಿನಲ್ಲಿ ವಿಶೇಷಣಗಳನ್ನು ಕಂಡಲ್ಲಿ ಅಂಕಿಗಳನ್ನು ಕೇಳಿ. "ಲಘು" ಎಂದರೆ ಯಾವ ಯಾವ ಕೆಲಸ? "ಕೆಲವೊಮ್ಮೆ ಸಂಜೆ" ಎಂದರೆ ವಾರಕ್ಕೆ ಎಷ್ಟು ಸಂಜೆ? ಮಕ್ಕಳು ಮಲಗಿರುವಾಗ ಮನೆಯಲ್ಲಿ ನೀವು ಒಬ್ಬರೇ ಇದ್ದರೆ ಅದು ಕೆಲಸದ ಸಮಯವೇ. ನೀವು ಪುಸ್ತಕ ಓದುತ್ತಿದ್ದರೂ ಸರಿ, ಹೊರಗೆ ಹೋಗುವ ಸ್ವಾತಂತ್ರ್ಯ ಇಲ್ಲದ ಗಂಟೆ ಬಿಡುವಿನ ಗಂಟೆಯಲ್ಲ. ಕಿಟಕಿ ಒರೆಸುವುದು, ತೋಟದ ಕೆಲಸ, ಇಡೀ ಮನೆ ಗುಡಿಸಿ ಒರೆಸುವುದು, ವಯಸ್ಸಾದವರ ಆರೈಕೆ ಇವು ಓ ಪೇರ್‌ನ ಕೆಲಸವೇ ಅಲ್ಲ. ಅಮೆರಿಕದ ನಿಯಮದಲ್ಲಂತೂ ಮಕ್ಕಳಿಗೆ ಸಂಬಂಧಿಸಿದ ಕೆಲಸ ಬಿಟ್ಟು ಬೇರೇನನ್ನೂ ಹೇಳುವಂತಿಲ್ಲ.

ಹಣ ಯಾವ ತಾರೀಖಿಗೆ, ಬ್ಯಾಂಕ್ ಖಾತೆಗೋ ಕೈಗೋ? ರಜೆಯ ದಿನಗಳಲ್ಲೂ ನೀವು ಕಾಯಿಲೆ ಬಿದ್ದಾಗಲೂ ಕೈಖರ್ಚು ಬರುತ್ತದೆಯೇ? ವಿಮಾನದ ಟಿಕೆಟ್ ಯಾರದು? ಭಾಷಾ ತರಗತಿಗೆ ಹೋಗುವ ಬಸ್ ಪಾಸ್ ಯಾರದು? ಕುಟುಂಬದ ಕಾರಿಗೆ ನಿಮ್ಮ ಕೈಯಲ್ಲಿ ಗೀರು ಬಿದ್ದರೆ ಎಷ್ಟರವರೆಗೆ ನಿಮ್ಮ ಹೊಣೆ? ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು, ಸ್ನೇಹಿತರು ಬರಬಹುದೇ? ಕರಾರು ಮುರಿಯಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು? 1969ರ ಒಪ್ಪಂದ ಎರಡು ವಾರ ಎನ್ನುತ್ತದೆ, ಹಲವು ಮಾದರಿ ಕರಾರುಗಳಲ್ಲೂ ಅದೇ ಇರುತ್ತದೆ. ಇಷ್ಟನ್ನೆಲ್ಲ ಕೇಳಿದರೆ ಜಿಪುಣಿ ಎಂದುಕೊಂಡಾರು ಎಂಬ ಮುಜುಗರ ಸಹಜ. ಆದರೆ ನಾನು ಕಂಡ ಒಳ್ಳೆಯ ಕುಟುಂಬಗಳು ಈ ಪ್ರಶ್ನೆಗಳಿಂದ ನಿರಾಳವಾದದ್ದೇ ಹೆಚ್ಚು.

ಆರನೆಯ ಹೆಜ್ಜೆ: ವೀಸಾ ಮತ್ತು ಕಾಗದಪತ್ರ

ಇಲ್ಲಿ ಜಾಣತನಕ್ಕಿಂತ ಶಿಸ್ತು ಮುಖ್ಯ. ಪಾಸ್‌ಪೋರ್ಟ್, ಸಹಿ ಮಾಡಿದ ಕರಾರು, ಕುಟುಂಬದ ಆಹ್ವಾನ ಪತ್ರ, ಭಾಷಾ ಪ್ರಮಾಣಪತ್ರ, ಪೊಲೀಸ್ ಪರಿಶೀಲನಾ ಪತ್ರ, ವೈದ್ಯಕೀಯ ಪ್ರಮಾಣಪತ್ರ, ವಿಮೆಯ ದಾಖಲೆ, ಏಕೆ ಹೋಗುತ್ತೀರಿ ಎಂಬ ಒಂದು ಪುಟದ ಪತ್ರ ಸಾಮಾನ್ಯವಾಗಿ ಬೇಕಾಗುವಂಥವು. ಅಮೆರಿಕಕ್ಕೆ ಪ್ರಾಯೋಜಕ ಸಂಸ್ಥೆ ಕೊಡುವ ಡಿಎಸ್-2019 ನಮೂನೆ ಇಲ್ಲದೆ ಸಂದರ್ಶನವೇ ನಡೆಯದು. ಕೆಲವು ಪತ್ರಗಳಿಗೆ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ) ಮತ್ತು ಅಧಿಕೃತ ಅನುವಾದ ಕೇಳುತ್ತಾರೆ, ಅದಕ್ಕೇ ವಾರಗಳು ಹಿಡಿಯುತ್ತವೆ. ಸಂದರ್ಶನದಲ್ಲಿ ವರ್ಷ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ನಿಜವಾದ ಯೋಜನೆಯನ್ನೇ ಹೇಳಿ. ವೀಸಾ ಕೈಗೆ ಬರುವವರೆಗೆ ಟಿಕೆಟ್ ಕೊಳ್ಳಬೇಡಿ, ಇರುವ ಕೆಲಸವನ್ನೂ ಬಿಡಬೇಡಿ. ಪ್ರವಾಸಿ ವೀಸಾದಲ್ಲಿ ಬಂದುಬಿಡಿ, ಇಲ್ಲಿ ಸರಿಮಾಡಿಕೊಳ್ಳೋಣ ಎನ್ನುವ ಕುಟುಂಬದೊಡನೆ ಮಾತು ಮುಂದುವರಿಸಬೇಡಿ.

ಏಳನೆಯ ಹೆಜ್ಜೆ: ಮೊದಲ ಎರಡು ವಾರ

ಇಳಿದ ಕೂಡಲೇ ಮುಗಿಸಬೇಕಾದ ಕೆಲಸಗಳಿವೆ. ಜರ್ಮನಿಯಲ್ಲಿ ವಾಸದ ವಿಳಾಸವನ್ನು ಎರಡು ವಾರಗಳೊಳಗೆ ನೋಂದಾಯಿಸಬೇಕು, ಆಮೇಲೆ ವಾಸದ ಪರವಾನಗಿ, ಬ್ಯಾಂಕ್ ಖಾತೆ, ಸಿಮ್ ಕಾರ್ಡ್. ಅಮೆರಿಕದಲ್ಲಿ ನೀವು ಬಂದ 48 ಗಂಟೆಗಳೊಳಗೆ ಸಂಸ್ಥೆಯ ಸ್ಥಳೀಯ ಪ್ರತಿನಿಧಿ ನಿಮ್ಮನ್ನು ಸಂಪರ್ಕಿಸಬೇಕು, ಮುಂದೆ ತಿಂಗಳಿಗೊಮ್ಮೆ ಮಾತನಾಡಿಸುತ್ತಿರಬೇಕು. ಅವರ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಮಾತ್ರವಲ್ಲ, ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ನಿಮ್ಮ ಕೋಣೆಯಲ್ಲಿ, ನಿಮ್ಮ ಬೀಗದಡಿಯಲ್ಲಿ ಇರಲಿ. "ಜೋಪಾನವಾಗಿ ಇಡುತ್ತೇವೆ" ಎಂದು ಯಾರು ಕೇಳಿದರೂ ನಗುತ್ತಲೇ ಬೇಡ ಎನ್ನಿ.

ಮಕ್ಕಳ ವಿಷಯದಲ್ಲಿ ಅವಸರ ಬೇಡ. ಮೊದಲ ದಿನವೇ ಕೊರಳಿಗೆ ಜೋತುಬೀಳುವ ಮಗು ಎರಡನೆಯ ವಾರ ಕಚ್ಚಬಹುದು. ಹಿಂದಿನ ಓ ಪೇರ್ ಹೋದ ದುಃಖ ಅದರಲ್ಲಿ ಉಳಿದಿರಬಹುದು. ಮೊದಲ ವಾರ ಸಾಧ್ಯವಾದಷ್ಟು ತಾಯಿಯೋ ತಂದೆಯೋ ಜೊತೆಗಿದ್ದು ದಿನಚರಿ ತೋರಿಸಲಿ. ಆಟಿಕೆ ಎತ್ತಿಡದಿದ್ದರೆ ಕಥೆ ಇಲ್ಲ ಎಂದು ನೀವು ಹೇಳಿ, ಸಂಜೆ ಬಂದ ತಂದೆ ಕಥೆ ಓದಿಬಿಟ್ಟರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಶಿಸ್ತಿನ ನಿಯಮಗಳನ್ನು ಮನೆಯವರಿಂದಲೇ ಮಕ್ಕಳೆದುರು ಹೇಳಿಸಿ.

ಭಾಷೆಯ ಬಗ್ಗೆ ಒಂದು ಸಮಾಧಾನ. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಡೆರ್, ಡೀ, ಡಸ್ ಎಂಬ ಮೂರರಲ್ಲಿ ಒಂದು ಅಂಟಿಕೊಂಡಿರುತ್ತದೆ. ತರಗತಿಯಲ್ಲಿ ಗುರುಗಳು ಹತ್ತು ಬಾರಿ ತಿದ್ದಿದರೂ ನಿಲ್ಲದ್ದು, "ಚಮಚಕ್ಕೆ ಡಸ್ ಅಲ್ಲ, ಡೆರ್" ಎಂದು ಆ ನಾಲ್ಕು ವರ್ಷದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಗದರಿಸಿದಾಗ ತಲೆಯಲ್ಲಿ ಕೂತಿತು. ಮಕ್ಕಳಿಗೆ ತಿದ್ದಲು ಬಿಡಿ, ಅವರಷ್ಟು ಅಗ್ಗದ ಮತ್ತು ಕಟುವಾದ ಶಿಕ್ಷಕರು ಬೇರೆ ಸಿಗುವುದಿಲ್ಲ.

ಮಕ್ಕಳ ಸುರಕ್ಷತೆ: ಇಲ್ಲಿ ಸಡಿಲಿಕೆ ಇಲ್ಲ

ಮನೆಯವರಿಂದ ಒಂದು ಹಾಳೆ ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿ: ಮನೆಯ ಪೂರ್ಣ ವಿಳಾಸ, ತಂದೆ ತಾಯಿಯ ಸಂಖ್ಯೆ, ನೆರೆಯವರ ಸಂಖ್ಯೆ, ಮಕ್ಕಳ ವೈದ್ಯರು, ಅಲರ್ಜಿಗಳು. ತುರ್ತು ಸಂಖ್ಯೆ ಯುರೋಪಿನ ಒಕ್ಕೂಟದಲ್ಲಿ 112, ಅಮೆರಿಕದಲ್ಲಿ 911. ಗಾಬರಿಯಲ್ಲಿ ಸ್ವಂತ ಹೆಸರೇ ಮರೆತುಹೋಗುತ್ತದೆ, ಪರಭಾಷೆಯ ಬೀದಿಯ ಹೆಸರು ನೆನಪಾಗುವುದುಂಟೇ?

ಶಿಶುವನ್ನು ಯಾವಾಗಲೂ ಬೆನ್ನ ಮೇಲೆ, ದಿಂಬು, ಮೆತ್ತನೆಯ ಆಟಿಕೆ ಇಲ್ಲದ ಗಟ್ಟಿ ಹಾಸಿಗೆಯಲ್ಲಿ ಮಲಗಿಸಿ. ಸ್ನಾನದ ತೊಟ್ಟಿಯಲ್ಲಿ ಮಗುವನ್ನು ಬಿಟ್ಟು ಬಾಗಿಲ ಗಂಟೆಗೂ ಏಳಬೇಡಿ. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಸಣ್ಣ ಮಕ್ಕಳಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ, ಇಡೀ ಕಡಲೆಕಾಯಿ ಬೀಜ ಕೊಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪದ ಹನಿಯೂ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಎಂಬ ವಿಷಬಾಧೆ ಬರಬಹುದು. ಔಷಧಿಯ ಹೆಸರು, ಪ್ರಮಾಣ, ಹೊತ್ತು ಮನೆಯವರ ಕೈಬರಹದಲ್ಲಿ ಇಲ್ಲದಿದ್ದರೆ ಕೊಡಬೇಡಿ. ಮಗು ಗಂಟೆಗಟ್ಟಲೆ ಅತ್ತು ನಿಮ್ಮ ತಾಳ್ಮೆ ಹರಿದರೆ, ಅದನ್ನು ತೊಟ್ಟಿಲಲ್ಲಿ ಸುರಕ್ಷಿತವಾಗಿ ಮಲಗಿಸಿ, ಕೋಣೆಯಿಂದ ಹೊರಬಂದು, ಮನೆಯವರಿಗೆ ಫೋನ್ ಮಾಡಿ. ಕೋಪದಲ್ಲಿ ಶಿಶುವನ್ನು ಅಲುಗಾಡಿಸುವುದು ಮಿದುಳಿಗೆ ಪ್ರಾಣಾಂತಿಕ. ಅಳುವ ಮಗುವನ್ನು ಐದು ನಿಮಿಷ ಬಿಟ್ಟು ಬಂದದ್ದಕ್ಕೆ ನಾಚಬೇಕಿಲ್ಲ.

ಮಕ್ಕಳ ಚಿತ್ರಗಳನ್ನು ಅನುಮತಿ ಇಲ್ಲದೆ ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ.

ಬಿರುಕು ಬಂದಾಗ

ಬಂದೇ ಬರುತ್ತದೆ. ನಾನು ಅನುಸರಿಸಿದ ಉಪಾಯ ಸರಳ: ಪ್ರತಿ ದಿನ ಕೆಲಸದ ಗಂಟೆಗಳನ್ನು ಪುಟ್ಟ ಡೈರಿಯಲ್ಲಿ ಬರೆಯುವುದು, ವಾರಕ್ಕೊಮ್ಮೆ ಮಕ್ಕಳು ಮಲಗಿದ ಮೇಲೆ ಮನೆಯವರೊಡನೆ ಅರ್ಧ ಗಂಟೆ ಕೂತು ಮಾತನಾಡುವುದು. "ನೀವು ಯಾವಾಗಲೂ ತಡವಾಗಿ ಬರುತ್ತೀರಿ" ಎಂದರೆ ಜಗಳ. "ಕಳೆದ ಎರಡು ವಾರಗಳಲ್ಲಿ 37 ಮತ್ತು 39 ಗಂಟೆ ಆಗಿದೆ, ಕರಾರಿನಲ್ಲಿ 30 ಇದೆ" ಎಂದರೆ ಲೆಕ್ಕ. ಲೆಕ್ಕದ ಮೇಲೆ ಕೋಪಿಸಿಕೊಳ್ಳುವುದು ಕಷ್ಟ.

ಮನೆಯ ನೆನಪು ಕಾಡುವುದಕ್ಕೂ ಕುಟುಂಬ ಕೆಟ್ಟದ್ದಾಗಿರುವುದಕ್ಕೂ ವ್ಯತ್ಯಾಸ ಗುರುತಿಸಿಕೊಳ್ಳಿ. ಮೊದಲನೆಯದು ಹೆಚ್ಚಾಗಿ ಮೊದಲ ಚಳಿಗಾಲದಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲಾದಾಗ ಬರುತ್ತದೆ. ಭಾಷಾ ತರಗತಿಯ ಗೆಳೆಯರು, ಬೇರೆ ಓ ಪೇರ್‌ಗಳು, ದಿನಕ್ಕೊಂದು ನಡಿಗೆ ಅದಕ್ಕೆ ಮದ್ದು. ಊರಿಗೆ ದಿನವೂ ಎರಡು ಗಂಟೆ ವೀಡಿಯೊ ಕರೆ ಮಾಡುತ್ತಿದ್ದರೆ ದೇಹ ಮಾತ್ರ ವಿದೇಶದಲ್ಲಿರುತ್ತದೆ.

ಎರಡನೆಯದಕ್ಕೆ ಮದ್ದು ಬೇರೆ. ಮಾತಿನಿಂದ ಸರಿಹೋಗದಿದ್ದರೆ ಏಜೆನ್ಸಿಗೆ ಲಿಖಿತವಾಗಿ ತಿಳಿಸಿ ಕುಟುಂಬ ಬದಲಿಸಿ. ಜರ್ಮನಿಯಲ್ಲಿ ಒಟ್ಟು ಅವಧಿ ಒಂದು ವರ್ಷ ಮೀರದಂತೆ ಬೇರೆ ಕುಟುಂಬಕ್ಕೆ ಹೋಗಬಹುದು, ವಲಸೆ ಕಚೇರಿಗೆ ತಿಳಿಸಬೇಕು. ಅಮೆರಿಕದಲ್ಲಿ ಇದಕ್ಕೆ ರೀಮ್ಯಾಚ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ವಾರಗಳ ಕಾಲಾವಕಾಶ ಇರುವುದರಿಂದ ಹೊಸ ಕುಟುಂಬಗಳ ಜೊತೆ ಅದೇ ಪ್ರಶ್ನೆಗಳ ಪಟ್ಟಿ ಹಿಡಿದು ಕೂಡಲೇ ಮಾತಿಗೆ ಕೂರಬೇಕು. ಆತುರದಲ್ಲಿ ಮೊದಲು ಸಿಕ್ಕವರಿಗೆ ಹೂಂ ಎಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾದೀತು.

ಹೊಡೆತ, ಲೈಂಗಿಕ ಕಿರುಕುಳ, ಪಾಸ್‌ಪೋರ್ಟ್ ಕಸಿದುಕೊಳ್ಳುವುದು, ಹೊರಗೆ ಬಿಡದಿರುವುದು ಇವು ಭಿನ್ನಾಭಿಪ್ರಾಯಗಳಲ್ಲ, ಅಪರಾಧಗಳು. ಎರಡು ವಾರದ ಗಡುವನ್ನು ಮರೆತು ಅಂದೇ ಹೊರಬನ್ನಿ. ಪೊಲೀಸರಿಗೆ, ಏಜೆನ್ಸಿಗೆ, ನಿಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ. ಅಮೆರಿಕದಲ್ಲಿ ಮಾನವ ಸಾಗಣೆ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ 1-888-373-7888. ಇಂತಹ ಒಂದು ರಾತ್ರಿಗಾಗಿಯೇ ಹಿಂದಿರುಗುವ ಟಿಕೆಟ್ಟಿನಷ್ಟು ಹಣ ನಿಮ್ಮ ಖಾತೆಯಲ್ಲಿ ಸದಾ ಇರಬೇಕು. ಅದನ್ನು ಪ್ರವಾಸಕ್ಕೆ ಮುಟ್ಟಬೇಡಿ.

ಕೊನೆಯ ಹೆಜ್ಜೆ: ಮನೆ ಬಿಡುವುದು

ಹೊರಡುವ ತಿಂಗಳ ಮುಂಚೆ ಅನುಭವ ಪತ್ರ ಕೇಳಿ ಪಡೆಯಿರಿ, ಕೆಲಸದ ಅವಧಿ ಮತ್ತು ಮಕ್ಕಳ ವಯಸ್ಸು ಅದರಲ್ಲಿ ಇರಲಿ. ಜರ್ಮನಿಯಲ್ಲಿ ವಿಳಾಸದ ನೋಂದಣಿಯನ್ನು ರದ್ದುಪಡಿಸಬೇಕು. ಬ್ಯಾಂಕ್ ಖಾತೆ, ಮೊಬೈಲ್ ಒಪ್ಪಂದ ಮುಚ್ಚಿ. ಮರೆತ ಮೊಬೈಲ್ ಒಪ್ಪಂದದ ಬಿಲ್ಲು ವರ್ಷಗಟ್ಟಲೆ ಬೆನ್ನಟ್ಟುತ್ತದೆ. ಅಮೆರಿಕದಲ್ಲಿ ವಾರದ ಹಣ ತೆರಿಗೆಗೆ ಒಳಪಡುವ ಆದಾಯ, 1040-ಎನ್ಆರ್ ನಮೂನೆಯಲ್ಲಿ ವಿವರ ಸಲ್ಲಿಸಬೇಕು.

ಮಕ್ಕಳಿಗೆ ಕೊನೆಯ ದಿನ ಹೇಳುವುದಲ್ಲ. ಕ್ಯಾಲೆಂಡರ್ ತೋರಿಸಿ, ಇನ್ನು ಎಷ್ಟು ಭಾನುವಾರ ಎಂದು ಎಣಿಸಿ ಹೇಳಿ. ಮುಂದೆ ಬರುವ ಓ ಪೇರ್‌ಗೆ ಎರಡು ಪುಟ ಬರೆದಿಟ್ಟು ಬನ್ನಿ: ತೊಳೆಯುವ ಯಂತ್ರದ ಬಾಗಿಲನ್ನು ಮೊಣಕಾಲಿನಿಂದ ಒತ್ತಿದರೆ ಮಾತ್ರ ಮುಚ್ಚುತ್ತದೆ, ಚಿಕ್ಕವನು ಕಂದು ಮೊಲದ ಗೊಂಬೆ ಇಲ್ಲದೆ ಮಲಗುವುದಿಲ್ಲ, ದೊಡ್ಡವಳು ಭಾನುವಾರ ಬೆಳಿಗ್ಗೆ ಆರೂವರೆಗೆ ಪುಸ್ತಕ ಹಿಡಿದು ಬರುತ್ತಾಳೆ.